ಚಿತ್ರಕ್ಕೂ ಬೇಕು ಗುರುತು

ದೂಧಗಂಗೆಯ ದಂಡೆಯ ಸದಲಗಾದಲ್ಲಿ ಕಬ್ಬಿಗೆ ನೀರುಣಿಸುವ ಪಂಪು ನಡುಬೇಸಿಗೆಯಲ್ಲಿ ಕೆಟ್ಟಿತೆನ್ನಿ. ಕೈಪಿಡಿಯ ಬರಹದಲ್ಲೇನೋ ‘5 ಅಶ್ವಶಕ್ತಿಯ ಮಾದರಿಗೆ ಮಾತ್ರ’ ಎಂದಿದೆ. ಪಕ್ಕದ ಚಿತ್ರ ಯಾವ ಮಾದರಿಯದು? ಅದು ಬಾಯಿ ಬಿಡದು. ಚಿತ್ರ ನಂಬಿ ತಂದ ಸೀಲ್ ಕೂಡದಿದ್ದರೆ ದುಡ್ಡೂ ಹೋಯಿತು, ಬೆಳೆಯೂ ಬಾಡಿತು.

ವಿಮಾನದವರಿಗೂ ಇದೇ ತೊಡಕು. 1980ರ ದಶಕದಲ್ಲಿ ಯುರೋಪಿನ ವಿಮಾನೋದ್ಯಮ ರೂಪಿಸಲು ತೊಡಗಿದ ‘ಎಸ್‌1000ಡಿ’ ನಿಯಮಾವಳಿಯಲ್ಲಿ ಇದಕ್ಕೆ ದಾರಿಯಿದೆ. ಎಕ್ಸ್‌ಎಂಎಲ್‌ನಲ್ಲಿ ಸಿದ್ಧವಾಗುವ ಈ ಕೈಪಿಡಿಗಳಲ್ಲಿ, ‘ಇದು ಯಾವ ಮಾದರಿಗೆ’ ಎಂಬ ಷರತ್ತನ್ನು ಒಂದೆಡೆ ಬರೆದು ಅದಕ್ಕೊಂದು ಗುರುತು ಕೊಡುತ್ತಾರೆ. ಆ ಗುರುತನ್ನು ಪ್ಯಾರಾಕ್ಕೆ ಜೋಡಿಸಿದಂತೆ ಚಿತ್ರಕ್ಕೂ ಜೋಡಿಸಬಹುದು. ತಂತ್ರಜ್ಞ ತನ್ನ ವಿಮಾನವನ್ನು ಆರಿಸಿಕೊಂಡರೆ ಸಲ್ಲದ ಚಿತ್ರಗಳು ಪರದೆಯಿಂದ ಮರೆಯಾಗುತ್ತವೆ.

ಮಾದರಿಯ ಹೆಸರನ್ನು ಚಿತ್ರದೊಳಗೇ ಬರೆದರಾಗದೇ? ಆಗುತ್ತದೆ, ಆದರೆ ಹೊಸ ಮಾದರಿ ಬಂದಾಗಲೆಲ್ಲ ಚಿತ್ರವನ್ನೇ ತಿದ್ದಬೇಕು. ಷರತ್ತು ಹೊರಗಿದ್ದರೆ ಒಂದು ಸಾಲು ತಿದ್ದಿದರೆ ಸಾಕು.

ಪಂಪಿಗೆ ಅಷ್ಟೆಲ್ಲ ಏರ್ಪಾಡು ಬೇಡ. ಪ್ರತಿ ಚಿತ್ರದ ಕೆಳಗೆ ಮಾದರಿಯ ಹೆಸರು ಅಚ್ಚಾದರೂ ಆದೀತು. ಗದ್ದೆ ಒಣಗುತ್ತಿರುವಾಗ ಬರಹ ಓದುವ ಪುರುಸೊತ್ತು ಯಾರಿಗಿದೆ? ಕಣ್ಣು ಮೊದಲು ಹೋಗುವುದು ಚಿತ್ರದತ್ತಲೇ.