ತುಕ್ಕು ಟ್ಯಾಂಕಿನದು, ಬೈಗುಳ ಪೆಟ್ರೋಲಿಗೆ

ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಬೆಳಗಾಗುವುದರೊಳಗೆ ಬೈಕುಗಳ ಸಾಲು. ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋದವರು ರಾತ್ರಿ ಬಂದು ತೆಗೆಯುವ ತನಕ ಅವು ಬಿಸಿಲಲ್ಲೇ. ಟ್ಯಾಂಕಿನಲ್ಲಿ ಪೆಟ್ರೋಲು ಅರ್ಧ ಲೀಟರೋ ಒಂದೋ, ಮಿಕ್ಕಿದ್ದೆಲ್ಲ ಗಾಳಿ. ಹಗಲು ಕಾದ ತಗಡು ರಾತ್ರಿ ತಣ್ಣಗಾದಾಗ ಆ ಗಾಳಿಯ ತೇವ ಒಳಮೈಯಲ್ಲಿ ನೀರಾಗಿ ಕೂರುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದ.

ನನ್ನ ಗ್ಯಾರೇಜಿಗೆ ಬರುವ ಹಳೇ ಗಾಡಿಯವರದೆಲ್ಲ ಈಗ ಒಂದೇ ಮಾತು: 'ಇ20 ಬಂತು, ಗಾಡಿ ಕೆಡ್ತು.' ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಈ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಪ್ರಧಾನಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಅದನ್ನು ಬೈಯುವ ಮುಂಚೆ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಡಿ ಅನ್ನುತ್ತೇನೆ. ಎಥನಾಲ್ ಹಳೇ ಗಸಿಯನ್ನು ಕರಗಿಸಿ ಸಡಿಲ ಮಾಡುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ, ನಿಜ. ಆದರೆ ಕಾರ್ಬ್ಯುರೇಟರಿಗೆ ಬಂದು ಸಿಕ್ಕಿಕೊಂಡ ಕೆಂಪು ಪುಡಿ ನಿನ್ನೆ ಮೊನ್ನೆಯದಲ್ಲ.

ಮೊನ್ನೆ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಿಂದ ಒಂದು ಯೆಜ್ಡಿ ಬೈಕು ಬಂತು. ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಅಪ್ಪನ ಗಾಡಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ನಿಂತಿದ್ದೇ ಹೆಚ್ಚು. ಮಗ ಹೊಸ ಟ್ಯಾಂಕ್ ಹಾಕಿಬಿಡೋಣ ಅಂದ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು, ಅಸಲಿ ಎಲ್ಲಿಂದ ತರೋಣ? ಇರುವುದನ್ನೇ ತೊಳೆದೆವು.

ಪೆಟ್ರೋಲನ್ನು ಕ್ಯಾನಿಗೆ ಬಸಿದು, ಕಾಕ್ ಬಿಚ್ಚಿ ತೂತು ಮುಚ್ಚಿ, ಒಳಗೆ ಒಂದು ತುಂಡು ಹಳೇ ಚೈನು ಇಳಿಬಿಟ್ಟು ಕುಲುಕಿದೆವು. ಕೆಲವರು ನಟ್ಟು ಹಾಕುತ್ತಾರೆ. ಹಾಕುವುದಾದರೆ ಎಣಿಸಿ ಹಾಕಬೇಕು, ಒಂದು ಉಳಿದರೂ ಆಮೇಲೆ ಗಲಗಲ ಅನ್ನುತ್ತಿರುತ್ತದೆ. ಆಮೇಲೆ ಹುಣಸೇಹಣ್ಣಿನ ಗಟ್ಟಿ ರಸ, ಇಡೀ ರಾತ್ರಿ. ಬೆಳಿಗ್ಗೆ ಬಗ್ಗಿಸಿದರೆ ಕಪ್ಪು ನೀರಿನ ಜೊತೆ ತುಕ್ಕು ಹಾಳೆ ಹಾಳೆಯಾಗಿ ಬಂತು. ಅಡುಗೆ ಸೋಡಾ ನೀರಲ್ಲಿ ತೊಳೆದು, ಬಿಸಿಲಿಗಿಟ್ಟು, ಒಣಗಿದ ಕೂಡಲೇ ಒಳಗೆಲ್ಲ 2ಟಿ ಆಯಿಲ್ ಆಡಿಸಬೇಕು. ಟೀ ಕುಡಿದು ಬರುತ್ತೇನೆಂದು ಹೋದರೆ ಹೊಸ ತುಕ್ಕು ಕೂತಿರುತ್ತದೆ. ಟಾಯ್ಲೆಟ್ ಆಸಿಡ್ ಸುರಿಯುವ ಶೂರರಿದ್ದಾರೆ, ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ. ತೂತಿಗೆ ವೆಲ್ಡಿಂಗ್ ಹಿಡಿಸುವವರಿಗೆ ಇನ್ನೊಂದು ಮಾತು: ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯ, ಸಿಡಿಯುವುದು ಆವಿ. ಬಸಿದ ಗಸಿಯನ್ನು ಚರಂಡಿಗೆ ಚೆಲ್ಲಬೇಡಿ. ಗಣಿ ಬಿಟ್ಟುಹೋದ ಸೈನೈಡ್ ಮಣ್ಣಿನ ದಿಬ್ಬಗಳ ಪಕ್ಕದಲ್ಲೇ ಬದುಕುವ ಊರಿಗೆ ಇಷ್ಟು ವಿಷ ಸಾಕು.

ಹೀಗೆಂದು ಸರ್ಕಾರ, ತೈಲ ಕಂಪನಿಗಳು ಕೈತೊಳೆದುಕೊಳ್ಳುವ ಹಾಗಿಲ್ಲ. ಟ್ಯಾಂಕ್ ತೊಳೆಯಬಹುದು, ಹಳೇ ರಬ್ಬರ್ ಪೈಪು, ವಾಷರು ಉಬ್ಬುವುದನ್ನು ಹುಣಸೇಹಣ್ಣು ತಡೆಯುವುದಿಲ್ಲ. ಲೀಟರಿಗೆ ಲೀಟರ್ ಲೆಕ್ಕ ಹಾಕಿದರೆ ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಳೇ ಬಗೆಯ ದ್ವಿಚಕ್ರ ವಾಹನಗಳ ಮೈಲೇಜು ಶೇ 3ರಿಂದ 4ರಷ್ಟು ಇಳಿಯಬಹುದೆಂದು 2021ರಲ್ಲಿ ಹೇಳಿದ್ದು ನೀತಿ ಆಯೋಗದ ವರದಿಯೇ. ಎಥನಾಲ್ ಇಲ್ಲದ ಪೆಟ್ರೋಲೂ ಬಂಕಿನಲ್ಲಿ ಸಿಗಲಿ ಎಂಬ ಅರ್ಜಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು. ಕೋರ್ಟ್ ಒಪ್ಪದಿದ್ದರೇನು, ಸರ್ಕಾರ ತಾನೇ ಮನಸ್ಸು ಮಾಡಬಹುದಲ್ಲ? ಬಂಕಿಗೊಂದು ಪಂಪು ಹಳೇ ಗಾಡಿಗಳಿಗೆ ಬಿಡಲಿ. ಅದು ಆಗದಿದ್ದರೆ, ಇಳಿದ ಮೈಲೇಜಿನಷ್ಟಾದರೂ ಬೆಲೆ ಇಳಿಸಲಿ. ತಿಂಗಳ ಪಾಸಿನಲ್ಲಿ ದಿನಾ ರೈಲು ಹತ್ತುವವನಿಗೆ ಆ ನಾಲ್ಕು ಕಾಸೂ ಲೆಕ್ಕವೇ.