ಗುಂಡ ತಿನ್ನುತ್ತಿಲ್ಲ ಅಂದ್ರೆ ತಟ್ಟೆ ಬದಲಾಯಿಸಬೇಡಿ

(1/3)

ಗುಂಡ ಹೇಗಿದ್ದಾನೆ ಅಂತ ಕೇಳಿದ ಎಲ್ಲರಿಗೂ ಥ್ಯಾಂಕ್ಸ್. ಇನ್ನೂ ಸರಿಯಾಗಿ ತಿನ್ನುತ್ತಿಲ್ಲ. ಹೊಸದಾಗಿ ಫಾಲೋ ಮಾಡ್ತಿರೋರಿಗೆ: ಗುಂಡ ಅಂದ್ರೆ ನಮ್ಮನೆ ಬಿಯರ್ಡೆಡ್ ಡ್ರ್ಯಾಗನ್, ಎರಡು ವರ್ಷದ ಗಂಡು. ನಮ್ಮಜ್ಜಿ ಬಾಯಲ್ಲಿ "ಆ ಓತಿಕ್ಯಾತ".

ಡಿಎಂನಲ್ಲಿ ಬಂದ ಸಲಹೆಗಳಲ್ಲಿ ಮುಕ್ಕಾಲು ಪಾಲು ಊಟದ್ದೇ. ಮೊಟ್ಟೆ ಕೊಡು, ಜೇನು ಹಚ್ಚಿ ಕೊಡು, ಹುಳ ಬದಲಾಯಿಸು, ಬಾಯಿ ಬಿಡಿಸಿ ಸಿರಿಂಜ್‌ನಲ್ಲಿ ಹಾಕು. ಪ್ರೀತಿಯಿಂದಲೇ ಹೇಳ್ತೀರ, ಗೊತ್ತು. ನಮ್ಮ ಮನೆಗಳಲ್ಲಿ ಪ್ರೀತಿ ಅಂದ್ರೆ ಊಟ ಹಾಕೋದು. ಯಾರಾದ್ರೂ ತಿನ್ನಲಿಲ್ಲ ಅಂದ್ರೆ ಇನ್ನೊಂದು ತುತ್ತು ಒತ್ತಾಯ ಮಾಡೋದು. ನಮ್ಮಜ್ಜಿ ಒಂದು ಹೆಜ್ಜೆ ಮುಂದೆ ಹೋಗಿ ಉಪ್ಪು ಮೆಣಸಿನಕಾಯಿ ಸುಳಿದು ದೃಷ್ಟಿನೂ ತೆಗೆದ್ರು. ಅದರಿಂದ ಗುಂಡನಿಗೆ ನಷ್ಟ ಏನೂ ಆಗಲಿಲ್ಲ. ಸಿರಿಂಜ್‌ನಿಂದ ಆಗುತ್ತೆ. ಗೊತ್ತಿಲ್ಲದ ಕೈಯಲ್ಲಿ ನೀರೋ ಗಂಜಿಯೋ ಶ್ವಾಸಕೋಶಕ್ಕೆ ಇಳಿದ್ರೆ ಪ್ರಾಣಕ್ಕೇ ಕುತ್ತು.

ನನ್ನ ವಾದ ಇಷ್ಟು: ಈ ಪ್ರಾಣಿ ತಿನ್ನುತ್ತಿಲ್ಲ ಅಂದಾಗ ಊಟದ ಬಗ್ಗೆ ಯೋಚನೆ ಮಾಡೋದು ಕೊನೆಗೆ. ಮೊದಲು ಶಾಖ ನೋಡಿ. ಇದರ ಮೈ ತಾನಾಗಿ ಬಿಸಿ ಮಾಡಿಕೊಳ್ಳಲ್ಲ, ಮೂಲ ಆಸ್ಟ್ರೇಲಿಯಾದ ಒಣ ಒಳನಾಡು. ಬಿಸಿಲು ಕಾಯೋ ಜಾಗ 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಬೇಕು, ಇನ್ನೊಂದು ತುದಿ ತಂಪಾಗಿರಬೇಕು. ಆ ಬಿಸಿ ಇಲ್ಲದಿದ್ರೆ ತಿಂದದ್ದು ಅರಗಲ್ಲ, ಹೊಟ್ಟೆಯಲ್ಲೇ ಕೊಳೆಯುತ್ತೆ. ತಣ್ಣಗಿರೋ ಡ್ರ್ಯಾಗನ್‌ಗೆ ಬಲವಂತವಾಗಿ ತಿನ್ನಿಸೋದು ಉಪಕಾರ ಅಲ್ಲ ಮಗಾ. ತುಮಕೂರಿನ ಜನವರಿ ರಾತ್ರಿ, ಮೇಲೆ ಕರೆಂಟ್ ಕಟ್, ಸ್ವಲ್ಪ ಊಹಿಸಿಕೊಳ್ಳಿ.

(2/3)

ಎರಡನೇದು ಯುವಿಬಿ ಲೈಟ್. ಕಾಮರ್ಸ್‌ನವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಡೆಪ್ರಿಸಿಯೇಷನ್ ಓದಿದ್ದೀವಲ್ಲ? ಯುವಿಬಿ ಟ್ಯೂಬ್ ಅದರ ಪಕ್ಕಾ ಉದಾಹರಣೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಅದರ ಯುವಿಬಿ ಸತ್ತುಹೋಗಿರುತ್ತೆ, ಆದ್ರೆ ಲೈಟ್ ಮಾತ್ರ ಜಗಜಗ ಉರೀತಾನೇ ಇರುತ್ತೆ. ನೋಡೋರಿಗೆ ಆಸ್ತಿ, ಪುಸ್ತಕದಲ್ಲಿ ಸೊನ್ನೆ. ಯುವಿಬಿ ಇಲ್ಲದೆ ಮೈಯಲ್ಲಿ ಡಿ3 ಆಗಲ್ಲ, ಡಿ3 ಇಲ್ಲದೆ ಕ್ಯಾಲ್ಸಿಯಂ ಹಿಡಿಯಲ್ಲ. ಆಮೇಲೆ ಕಾಲು ನಡುಗುತ್ತೆ, ದವಡೆ ಮೆತ್ತಗಾಗುತ್ತೆ, ಅಗಿಯೋಕೇ ಆಗಲ್ಲ. ಕಿಟಕಿ ಪಕ್ಕ ಇಟ್ಟಿದ್ದೀನಿ, ಬಿಸಿಲು ಬರುತ್ತೆ ಅಂತೀರಾ? ಗಾಜು ಯುವಿಬಿಯನ್ನ ತಡೆಯುತ್ತೆ. ಬೆಳಗ್ಗೆ ತಾರಸಿ ಮೇಲೆ ನೆರಳೂ ಇರೋ ಕಡೆ, ಪಕ್ಕದಲ್ಲೇ ಕೂತು ಬಿಡಿ. ಗಾಜಿನ ಟ್ಯಾಂಕ್ ಸಮೇತ ಬಿಸಿಲಿಗೆ ಇಟ್ರೆ ಬೆಂದು ಹೋಗುತ್ತೆ.

ಇನ್ನು "ಚಳಿಗಾಲ ಅಲ್ವಾ, ನಿದ್ದೆಗೆ ಹೋಗ್ತಿದೆ ಬಿಡಿ" ಅನ್ನೋ ಮಾತು. ಅಂಗಡಿಯವರು ಹೇಳ್ತಾರೆ, ರೀಲ್ ಮಾಡೋರೂ ಹೇಳ್ತಾರೆ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ. ದೊಡ್ಡ ಡ್ರ್ಯಾಗನ್‌ಗಳು ಚಳಿಗಾಲದಲ್ಲಿ ವಾರಗಟ್ಟಲೆ ಮಂಕಾಗಿ ಮಲಗೋದು ನಿಜ. ಪೊರೆ ಬಿಡುವಾಗ ಕಡಿಮೆ ತಿನ್ನೋದೂ ನಿಜ. ಆದ್ರೆ ನಿದ್ದೆಗೆ ಹೋದ ಪ್ರಾಣಿಯ ತೂಕ ಹೆಚ್ಚು ಇಳಿಯಲ್ಲ, ರೋಗ ಬಂದದ್ದು ಇಳಿಯುತ್ತೆ. ಮರಿಗಳಿಗಂತೂ ಈ ನೆಪವೇ ಇಲ್ಲ. ಎರಡು ಮೂರು ದಿನ ತಿನ್ನದಿದ್ರೆ ಡಾಕ್ಟರ್ ಹತ್ರ ಓಡಬೇಕು.

ಅದಕ್ಕೇ ಅಡುಗೆಮನೆ ತೂಕದ ಯಂತ್ರ ತಗೊಳ್ಳಿ ಅಂತ ಎಲ್ಲರ ತಲೆ ತಿಂತೀನಿ. ವಾರಕ್ಕೊಮ್ಮೆ ತೂಗಿ ಬರೆದಿಡಿ. ಗುಂಡ 412 ಗ್ರಾಂ ಇದ್ದ. ಮೂರು ವಾರದಲ್ಲಿ 371. ಶಾಖ ಸರಿ ಇದೆ, ಟ್ಯೂಬ್ ಹೊಸದು, ಆದ್ರೂ ಇಳೀತಿದೆ. ಈ ಲೆಕ್ಕ ಇದ್ದದ್ದಕ್ಕೇ ಅಪ್ಪನ ಮುಂದೆ "ಬೆಂಗಳೂರಿಗೆ ಹೋಗಲೇಬೇಕು" ಅಂತ ವಾದ ಮಾಡೋಕಾಯ್ತು. ಸುಮ್ನೆ "ಯಾಕೋ ಮಂಕಾಗಿದಾನೆ" ಅಂದಿದ್ರೆ "ನಾಳೆ ಸರಿಹೋಗುತ್ತೆ ಬಿಡು" ಅಂತಿದ್ರು.

(3/3)

ಇಲ್ಲಿ ನಾಯಿ, ಬೆಕ್ಕು, ಹಸು ನೋಡೋ ಡಾಕ್ಟರ್ ಇದ್ದಾರೆ. ಹಲ್ಲಿ ಜಾತಿ ನೋಡೋರನ್ನ ಹುಡುಕಿಕೊಂಡು ಸುಮಾರು 70 ಕಿಲೋಮೀಟರ್ ಹೋದೆವು. ರಟ್ಟಿನ ಡಬ್ಬಿ, ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ, ಇನ್ನೊಂದು ಸಣ್ಣ ಡಬ್ಬಿಯಲ್ಲಿ ಅವನ ತಾಜಾ ಕಕ್ಕ. ಟ್ರೇನಲ್ಲಿ ಪಕ್ಕದ ಆಂಟಿ "ಏನಪ್ಪಾ ತಿಂಡಿನಾ?" ಅಂದ್ರು. ಕಕ್ಕದ ಪರೀಕ್ಷೆಯಲ್ಲಿ ಪಿನ್‌ವರ್ಮ್, ಕಾಕ್ಸಿಡಿಯಾ ಎರಡೂ ಸಿಕ್ತು. ಸ್ವಲ್ಪ ಹುಳ ಇರೋದು ಸಾಮಾನ್ಯವಂತೆ, ಜಾಸ್ತಿ ಆದಾಗ ಹಸಿವೇ ಸಾಯುತ್ತೆ. ಔಷಧಿ ಗ್ರಾಂ ಲೆಕ್ಕದಲ್ಲಿ ತೂಕ ನೋಡಿ ಕೊಡೋದು, ಆದ್ದರಿಂದ ಡೋಸ್ ಎಷ್ಟು ಅಂತ ನನ್ನ ಕೇಳಬೇಡಿ, ಹೇಳಲ್ಲ. ಡಾಕ್ಟರ್ ಹೇಳಿದ ಕ್ರಮ: ಮೊದಲು ನೀರು ಮತ್ತು ಶಾಖ, ಊಟ ಆಮೇಲೆ.

ರೇಷ್ಮೆ ಹುಳ ಕೊಡಬಹುದಾ ಅಂತ ರಾಮನಗರದ ಫ್ರೆಂಡ್ ಕೇಳಿದ್ದಾನೆ. ಒಳ್ಳೇ ಪ್ರಶ್ನೆ. ಮೆತ್ತಗಿರುತ್ತೆ, ಚೇತರಿಸಿಕೊಳ್ಳೋ ಡ್ರ್ಯಾಗನ್‌ಗೆ ಒಳ್ಳೇದೇ. ಆದ್ರೆ ಸಾಕಣೆ ಮನೆಯಲ್ಲಿ ಹುಳದ ಮೇಲೆ ಸೋಂಕು ನಿವಾರಕ ಪುಡಿ ಹಾಕ್ತಾರೆ, ಅಂಥದ್ದು ಬೇಡ. ಹೊಲದ ಮಿಡತೆನೂ ಬೇಡ, ಔಷಧಿ ಹೊಡೆದಿರ್ತಾರೆ. ಮಿಂಚುಹುಳ ಅಂತೂ ವಿಷವೇ.

ಖರ್ಚು ಕೇಳಿದವರಿಗೆ: ಪರೀಕ್ಷೆ, ಫೀಸು, ಔಷಧಿ, ಓಡಾಟ ಸೇರಿ ಪಿಯುಸಿ ಹುಡುಗರಿಗೆ ಅಕೌಂಟ್ಸ್ ಹೇಳಿಕೊಟ್ಟು ಬಂದ ಎರಡು ತಿಂಗಳ ದುಡ್ಡು ಹೋಯ್ತು. ಇದನ್ನ ಕನಿಕರಕ್ಕೆ ಹೇಳ್ತಿಲ್ಲ. ಪ್ರತೀ ಸಲ ಗುಂಡನ ಫೋಟೋ ಹಾಕಿದಾಗ "ಬ್ರೋ ಎಲ್ಲಿ ಸಿಗುತ್ತೆ" ಅಂತ ಹತ್ತು ಜನ ಕೇಳ್ತೀರ, ಅದಕ್ಕೆ ಹೇಳ್ತಿದ್ದೀನಿ. ಪ್ರಾಣಿಯ ಬೆಲೆ ಒಂದೇ ಸಲದ್ದು. ಮಿಕ್ಕಿದ್ದು ಹತ್ತು ವರ್ಷದ ಆಸುಪಾಸಿನ ರಿಕರಿಂಗ್ ಖರ್ಚು, ಅಂದ್ರೆ ನಿಮ್ಮ ಡಿಗ್ರಿ, ಕೆಲಸ, ಮದುವೆ ಎಲ್ಲಾ ದಾಟಿ. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಬ್ಯಾಗಲ್ಲಿ ಬೆಂಗಳೂರು ಏರ್‌ಪೋರ್ಟ್ ಕಸ್ಟಮ್ಸ್‌ನವರಿಗೆ 234 ಪ್ರಾಣಿ ಸಿಕ್ಕಿದ್ವು. ಹೆಬ್ಬಾವು, ಇಗುವಾನಾ, ಆಮೆ, ಉಸಿರುಗಟ್ಟಿ ಸತ್ತ ಕಾಂಗರೂ ಮರಿ. "ಎಲ್ಲಿ ಸಿಗುತ್ತೆ" ಅಂತ ಕೇಳೋರು ಇರೋತನಕ ಆ ಬ್ಯಾಗ್ ತುಂಬ್ತಾನೇ ಇರುತ್ತೆ. ಹತ್ತಿರದಲ್ಲಿ ಹಲ್ಲಿ ನೋಡೋ ಡಾಕ್ಟರ್ ಯಾರು ಅಂತ ಮೊದಲು ಹೇಳಿ. ಹೆಸರು ಗೊತ್ತಿಲ್ಲದಿದ್ರೆ ನನ್ನಿಂದ ಅಂಗಡಿ ಅಡ್ರೆಸ್ ಸಿಗಲ್ಲ.

ನಿನ್ನೆ ಗುಂಡ ಒಂದು ದಾಸವಾಳದ ಎಸಳು ನೆಕ್ಕಿ ಬಿಟ್ಟ. ನುಂಗಲಿಲ್ಲ. ಇವತ್ತು ಬೆಳಗ್ಗೆ 373 ಗ್ರಾಂ, ಬಹುಶಃ ನೀರಿನದ್ದು. ಭಾನುವಾರ ಇನ್ನೊಂದು ಡಬ್ಬಿ ಹಿಡಿದು ಟ್ರೇನ್ ಹತ್ತಬೇಕು. ಅಲ್ಲೀತನಕ ಅವನ ರೀಲ್ ಇರಲ್ಲ, ಲೈಟು ಕ್ಯಾಮೆರಾ ಕಂಡ್ರೆ ಗಡ್ಡ ಕಪ್ಪಾಗ್ತಿದೆ.

#ಗುಂಡ #ಓತಿಕ್ಯಾತಡೈರಿ