ಕೌದಿಗೆ ಬೇಕಾದದ್ದು ದಾರದ ಅಂಗಡಿ

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಗೂ ಉತ್ತರ ಕನ್ನಡದ ಯಲ್ಲಾಪುರದ ಕಾಡಂಚಿನ ಸಿದ್ದಿ ಕೇರಿಗಳಿಗೂ ನಡುವೆ ನಾನೂರು ಕಿಲೋಮೀಟರಿಗೂ ಮಿಕ್ಕ ಹಾದಿಯಿದೆ. ಒಂದು ಕಡೆ ತರಕಾರಿ, ಮಾಂಸ, ಹೂವು, ಖರ್ಜೂರಗಳ ಗದ್ದಲ. ಇನ್ನೊಂದು ಕಡೆ ಗದ್ದೆ, ಬೆಟ್ಟ, ಮತ್ತಿ ಮರಗಳ ನೆರಳು. ಈ ಎರಡು ತಾಣಗಳನ್ನು ಒಟ್ಟಿಗೆ ಹೆಸರಿಸುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ. ಕೌದಿಯ ಪ್ರಶ್ನೆಯನ್ನು ಎತ್ತಿದಾಗ ಬರುತ್ತದೆ.

ಕೌದಿ ಈಗ ಹೆಸರುವಾಸಿಯಾಗಿದೆ. ನಗರದ ಕಲಾ ಗ್ಯಾಲರಿಗಳಲ್ಲಿ ಅದನ್ನು ಗೋಡೆಗೆ ತೂಗುಹಾಕಿ ಅದರ ಮೇಲೆ ದೀಪ ಹಾಯಿಸಲಾಗುತ್ತದೆ. ಇಂದಿರಾನಗರದಂಥ ಬಡಾವಣೆಗಳ ಮಳಿಗೆಗಳಲ್ಲಿ 'ಸುಸ್ಥಿರ' ಎಂಬ ಚೀಟಿ ಅಂಟಿಸಿಕೊಂಡು ಕುಳಿತಿರುತ್ತದೆ. ವಿಚಾರ ಸಂಕಿರಣಗಳಲ್ಲಿ ಅದನ್ನು ಹೆಂಗಸರ ಆತ್ಮಕಥನವೆಂದು ಬಣ್ಣಿಸಲಾಗುತ್ತದೆ. ಆದರೆ ಕೌದಿ ಹೊಲಿಯುವ ಹೆಂಗಸಿಗೆ ಗಟ್ಟಿ ದಾರದ ಉಂಡೆ ಎಲ್ಲಿ ಸಿಗುತ್ತದೆ, ಮನೆಯ ಹಳೆಯ ಹತ್ತಿ ಸೀರೆಗಳು ಮುಗಿದ ಮೇಲೆ ಬಟ್ಟೆ ಎಲ್ಲಿಂದ ಬರುತ್ತದೆ, ಹದಿನೈದರ ಹುಡುಗಿಗೆ ಹೊಲಿಗೆ ಹೇಳಿಕೊಡುವವರು ಯಾರು, ಹೇಳಿಕೊಟ್ಟವರಿಗೆ ಕೂಲಿ ಎಷ್ಟು ಎಂದು ಕೇಳುವವರು ವಿರಳ. ಪರಿಸರ ಸಂಘಟನೆಗಳೂ ಕೇಳಿಲ್ಲ. ದಾರ, ಸೂಜಿ, ಚಿಂದಿಗಳ ವಿಚಾರ ಚಳವಳಿಯ ಘನತೆಗೆ ತಕ್ಕದ್ದಲ್ಲವೆಂಬ ಭಾವನೆ ಎಲ್ಲೋ ಮನೆಮಾಡಿದೆ.

ಕೌದಿಯ ಕೆಲಸವನ್ನು ಹತ್ತಿರದಿಂದ ಬಲ್ಲವರಿಗೆ ಈ ಉಪೇಕ್ಷೆ ಎಷ್ಟು ತಪ್ಪೆಂಬುದು ತಿಳಿಯುತ್ತದೆ. ಬಯಲುಸೀಮೆಯ ಉತ್ತರ ಕರ್ನಾಟಕದಲ್ಲಿ ಗೊಂಧಳಿ ಮೊದಲಾದ ಅಲೆಮಾರಿ ಸಮುದಾಯಗಳ ಹೆಂಗಸರು ಊರೂರು ಸುತ್ತಿ, ಮನೆಯವರು ಕೂಡಿಟ್ಟ ಹಳೆಯ ಬಟ್ಟೆಯನ್ನು ಅಂಗಳದಲ್ಲಿ ಹರಡಿಕೊಂಡು ಹೊಲಿದುಕೊಡುತ್ತ ಬಂದವರು. ಘಟ್ಟದ ಮೇಲಿನ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರು ತಮ್ಮ ಮನೆಗಾಗಿ ತಾವೇ ಹೊಲಿಯುತ್ತಾರೆ. ಅದನ್ನು ಕವಂದಿ ಎನ್ನುತ್ತಾರೆ. ಅಗಲವಾದ ಹಳೆಯ ಸೀರೆಯೊಂದನ್ನು ಹಾಸಿ, ಅದರ ಅಂಚಿನಿಂದ ಆರಂಭಿಸಿ, ತುಂಡಿನ ಪಕ್ಕಕ್ಕೆ ತುಂಡು ಇಟ್ಟು, ಸಾಲು ಹೊಲಿಗೆ ಹಾಕುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಅಳತೆಪಟ್ಟಿಯಿಲ್ಲ, ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ನಾಲ್ಕು ಮೂಲೆಗಳಿಗೂ ಮಡಿಸಿದ ತ್ರಿಕೋನಾಕಾರದ ತುಂಡುಗಳನ್ನು ಹೊಲಿದರೆ ಅದು 'ಫುಲ', ಎಂದರೆ ಹೂವು. ಹೂವಿಲ್ಲದ ಕೌದಿ ಬೆತ್ತಲೆಯೆಂದು ಅವರ ಭಾವನೆ. ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳೆಲ್ಲರ ಮನೆಯಲ್ಲೂ ಈ ಹೊಲಿಗೆ ಇದೆ. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದ ಆಫ್ರಿಕದ ಜನರ ಸಂತತಿಗೆ ಪರಿಶಿಷ್ಟ ಪಂಗಡವೆಂಬ ಮನ್ನಣೆ ದೊರೆತದ್ದು 2003ರಲ್ಲಿ. ಮರುವರ್ಷ, 2004ರಲ್ಲಿ, ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಮೊದಲಾದವರ ನೆರವಿನಿಂದ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘವೊಂದು ರೂಪುಗೊಂಡಿತು. ಹೊರನಾಡಿನ ವಿದ್ವಾಂಸರ ಕಣ್ಣಿಗೆ ಬಿದ್ದ ಈ ಹೊಲಿಗೆ ಪಕ್ಕದೂರಿನ ಪರಿಸರವಾದಿಗಳ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ ಎಂಬುದು ಸೋಜಿಗವೇ ಸರಿ.

1983ರಲ್ಲಿ ಶಿರಸಿಯ ಸಾಲ್ಕಣಿಯ ಹಳ್ಳಿಗರು ಮರಗಳನ್ನು ಅಪ್ಪಿಕೊಂಡಾಗ ಹುಟ್ಟಿದ ಅಪ್ಪಿಕೋ ಚಳವಳಿಯ ಘೋಷಣೆ ಮೂರು ಪದಗಳದ್ದು: ಉಳಿಸು, ಬೆಳೆಸು, ಬಳಸು. ಮೊದಲೆರಡು ಪದಗಳ ಬಗ್ಗೆ ಪಾದಯಾತ್ರೆಗಳಾಗಿವೆ, ಶಿಬಿರಗಳಾಗಿವೆ, ಪುಸ್ತಕಗಳು ಬಂದಿವೆ. ಮೂರನೆಯ ಪದ ಅನಾಥವಾಗಿ ಉಳಿಯಿತು. ಒಂದು ಸೀರೆಯನ್ನು ಉಟ್ಟು, ಅದು ಹರಿದ ಮೇಲೆ ಮಗುವಿನ ಜೋಲಿಯಾಗಿಸಿ, ಜೋಲಿ ಸವೆದ ಮೇಲೆ ಕೌದಿಯ ತುಂಡಾಗಿಸಿ, ಕೌದಿ ಜೀರ್ಣವಾದ ಮೇಲೆ ಅದನ್ನೇ ಮತ್ತೊಂದು ಕೌದಿಯ ಒಳಪದರವಾಗಿಸುವ ಹೆಂಗಸು 'ಬಳಸು' ಎಂಬ ಪದಕ್ಕೆ ಬರೆದ ಭಾಷ್ಯ ಯಾವ ಕರಪತ್ರದಲ್ಲೂ ಬಂದಿಲ್ಲ.

ಇತ್ತ ಮಲೆನಾಡಿನ ಮನೆಗಳ ಮಂಚದ ಮೇಲೆ ಈಗ ಏನಿದೆ? ಹೊಳೆಯುವ ಗುಲಾಬಿ ಹೂಗಳನ್ನು ಅಚ್ಚೊತ್ತಿದ ಪಾಲಿಯೆಸ್ಟರ್ ಹೊದಿಕೆ. ಹರಿಯಾಣದ ಪಾಣಿಪತ್ತು ಒಂದು ಕಾಲಕ್ಕೆ ಹಳೆಯ ಉಣ್ಣೆ ಬಟ್ಟೆಗಳನ್ನು ಹರಿದು ಮತ್ತೆ ನೂತು ಕಂಬಳಿ ಮಾಡುವುದಕ್ಕೆ ಪ್ರಸಿದ್ಧವಾಗಿತ್ತು. ಅದೇ ಊರು ಈಗ ಕಲ್ಲೆಣ್ಣೆಯಿಂದ ಹುಟ್ಟಿದ ನೂಲಿನ ಹೊದಿಕೆಗಳನ್ನೂ ರಾಶಿರಾಶಿಯಾಗಿ ಹೊರತರುತ್ತದೆ. ಅಂಥ ಬಟ್ಟೆಯನ್ನು ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆ. ಸಮುದ್ರಕ್ಕೆ ನೇರವಾಗಿ ಸೇರುವ ಸೂಕ್ಷ್ಮ ಪ್ಲಾಸ್ಟಿಕ್ಕಿನಲ್ಲಿ ಸುಮಾರು ಶೇಕಡಾ 35ರಷ್ಟು ಕೃತಕ ಬಟ್ಟೆಗಳ ಒಗೆತದಿಂದಲೇ ಬರುತ್ತದೆಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2017ರಲ್ಲಿ ಅಂದಾಜು ಮಾಡಿತ್ತು. ಬೇಡ್ತಿ, ಅಘನಾಶಿನಿಗಳ ಉಳಿವಿಗಾಗಿ ಘೋಷಣೆ ಕೂಗಿದವರ ಮನೆಯ ಹೊದಿಕೆಯೂ ಒಗೆಯುವ ಕಲ್ಲಿನಿಂದ ಇಳಿದು ಅದೇ ನದಿಗಳಿಗೆ ಸೇರುತ್ತದೆ.

ಇನ್ನು ನಗರದ ಕಡೆಯ ಕಥೆ. ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಬಟ್ಟೆಯ ತ್ಯಾಜ್ಯ ಕೂಡಿಬೀಳುತ್ತದೆಂದೂ ಅದರಲ್ಲಿ ಶೇಕಡಾ 42ರಷ್ಟು ಗಿರಣಿ ಮತ್ತು ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿಯೇ, ಯಾರೂ ತೊಡುವ ಮೊದಲೇ, ಹುಟ್ಟುವುದೆಂದೂ 'ಫ್ಯಾಶನ್ ಫಾರ್ ಗುಡ್' ಎಂಬ ಸಂಸ್ಥೆ 2022ರಲ್ಲಿ ಲೆಕ್ಕ ಕೊಟ್ಟಿತು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳ ಉಡುಪು ಕಾರ್ಖಾನೆಗಳಿರುವ ಬೆಂಗಳೂರು ಈ ಲೆಕ್ಕದಿಂದ ಹೊರಗಿಲ್ಲ. ನಗರದ ತ್ಯಾಜ್ಯ ಎಲ್ಲಿಗೆ ಹೋಗುತ್ತದೆಂಬುದನ್ನು ಮಾವಳ್ಳಿಪುರದವರನ್ನೂ ಮಂಡೂರಿನವರನ್ನೂ ಕೇಳಬೇಕು. ಮಂಡೂರಿನ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ, 2014ರ ಡಿಸೆಂಬರಿನಲ್ಲಿ ಅಲ್ಲಿಗೆ ಕಸ ಸುರಿಯುವುದು ನಿಂತಿತು.

ಅತ್ತ ಬಟ್ಟೆ ತಿಪ್ಪೆ ಸೇರುತ್ತಿದೆ, ಇತ್ತ ಹೊಲಿಯುವ ಕೈಗೆ ಹತ್ತಿಯ ಚಿಂದಿ ಸಿಗುತ್ತಿಲ್ಲ. ಹಳ್ಳಿಯಲ್ಲೂ ಉಡುವ ಸೀರೆಯೇ ಪಾಲಿಯೆಸ್ಟರ್ ಆಗಿರುವಾಗ ಹಳೆಯ ಹತ್ತಿ ಬಟ್ಟೆ ಎಲ್ಲಿಂದ ಬರಬೇಕು? ಈ ಎರಡು ತುದಿಗಳನ್ನು ಜೋಡಿಸಬಲ್ಲದ್ದು ಗ್ಯಾಲರಿಯೂ ಅಲ್ಲ, ಸರಕಾರದ ಯೋಜನೆಯೂ ಅಲ್ಲ. ಅದು ಸಾಧ್ಯವಿರುವುದು ಸಣ್ಣ ಅಂಗಡಿಗೆ.

ಇಲ್ಲಿ ರಸೆಲ್ ಮಾರುಕಟ್ಟೆಯ ಸುತ್ತಲಿನ ಬೀದಿಗಳ ಪ್ರಸ್ತಾಪ ಬರುತ್ತದೆ. ಬ್ರಿಟಿಷರ ದಂಡು ಪ್ರದೇಶಕ್ಕಾಗಿ 1927ರಲ್ಲಿ ಕಟ್ಟಿದ, ಆಗಿನ ನಗರಸಭಾ ಆಯುಕ್ತ ಟಿ.ಬಿ. ರಸೆಲ್ ಹೆಸರು ಹೊತ್ತ ಆ ಮಾರುಕಟ್ಟೆಯಿಂದ ಕಮರ್ಷಿಯಲ್ ಸ್ಟ್ರೀಟಿನ ಕಡೆಗೆ ನಡೆದರೆ ಇಬ್ರಾಹಿಂ ಸಾಹೇಬ್ ಸ್ಟ್ರೀಟ್, ಜುಮ್ಮಾ ಮಸೀದಿ ರಸ್ತೆಗಳ ಬಟ್ಟೆ, ಅಸ್ತರು, ದಾರ, ಲೇಸು, ಗುಂಡಿಗಳ ಅಂಗಡಿಗಳು ಸಿಗುತ್ತವೆ. ಅಲ್ಲಿನ ದರ್ಜಿಗಳ ಲೋಕದಲ್ಲಿ ಅರ್ಧ ಮೀಟರಿನ ತುಂಡಿಗೂ ಒಂದು ಬೆಲೆಯಿದೆ, ಒಬ್ಬ ಗಿರಾಕಿಯಿದ್ದಾನೆ. ಹೊಲಿಗೆ ಸಾಮಾನಿನ ವ್ಯಾಪಾರ ಮೇಲ್ನೋಟಕ್ಕೆ ಕಾಣುವಷ್ಟು ಸುಲಭದ್ದಲ್ಲ. ದಾರದ ಉಂಡೆಯಿಂದ, ಸೂಜಿಯ ಪೊಟ್ಟಣದಿಂದ ಹುಟ್ಟುವ ಲಾಭ ಕೆಲವೇ ರೂಪಾಯಿ. ನೂರು ಬಣ್ಣಗಳನ್ನು ಕೂಡಿಟ್ಟರೂ ಗಿರಾಕಿ ಬಂದು ಕೇಳುವುದು ನೂರ ಒಂದನೆಯದನ್ನೇ. ಅಂಥ ಅಂಗಡಿಯ ಉಳಿವು ಒಂದೇ ಸಂಗತಿಯನ್ನು ಅವಲಂಬಿಸಿದೆ: ಊರಿನಲ್ಲಿ ಹೊಲಿಯುವವರು ಎಷ್ಟು ಜನರಿದ್ದಾರೆ ಎಂಬುದನ್ನು. ಆದುದರಿಂದ ದಾರ ಮಾರುವವನಿಗೆ ಹೊಲಿಗೆ ಬಲ್ಲವರ ಸಂಖ್ಯೆ ಹೆಚ್ಚಬೇಕು. ಕೇಳಿದವರಿಗೆ ಯಾವ ಸೂಜಿ, ಯಾವ ದಾರ, ಯಾವ ಗಂಟು ಎಂದು ಹೇಳಿಕೊಡುವುದು ಅವನ ವ್ಯಾಪಾರದ ಬೇರು. ಕೌದಿಯನ್ನು ಕಲಾಕೃತಿಯಾಗಿ ಮಾರುವವನ ಸ್ಥಿತಿ ಇದಕ್ಕೆ ತದ್ವಿರುದ್ಧ. ಹೊಲಿಯುವವರು ಕಡಿಮೆಯಾದಷ್ಟೂ ಅವನ ಸರಕಿನ ಬೆಲೆ ಏರುತ್ತದೆ. 'ಕೊನೆಯ ತಲೆಮಾರಿನ ಕೈಗಳು' ಎಂಬ ಮಾತು ಅವನಿಗೆ ಜಾಹೀರಾತು. ಕಲೆ ಹಂಚಿದರೆ ಒಬ್ಬರಿಗೆ ಲಾಭ, ಹಂಚದಿದ್ದರೆ ಇನ್ನೊಬ್ಬರಿಗೆ ಲಾಭ. ಕೌದಿಯ ಹೆಸರಿನಲ್ಲಿ ನಡೆಯುವ ಎಲ್ಲ ಉತ್ಸವಗಳನ್ನೂ ಈ ಒಂದು ಅಳತೆಗೋಲಿನಿಂದ ಅಳೆಯಬಹುದು.

ಇದಕ್ಕೆ ಎರಡು ಆಕ್ಷೇಪಗಳಿವೆ. ನಗರದವರಿಗೆ ಕಲಿಸಿದರೆ ಅವರು ಕಲೆಯನ್ನೇ ಕದಿಯುತ್ತಾರೆ, ಆದ್ದರಿಂದ ಬುಡಕಟ್ಟಿನವರ ವಿದ್ಯೆ ಬುಡಕಟ್ಟಿನವರಲ್ಲೇ ಉಳಿಯಬೇಕು ಎಂಬುದು ಮೊದಲನೆಯದು. ಇದರಲ್ಲಿ ಭಯವಿದೆ, ಆ ಭಯಕ್ಕೆ ಆಧಾರವೂ ಇದೆ. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು, ಗುಲಾಮರ ಮೊಮ್ಮಕ್ಕಳು ಮರಿಮಕ್ಕಳು, ಹರಿದ ಕೆಲಸದ ಬಟ್ಟೆಗಳಿಂದ ಹೊಲಿದ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದ ಗೋಡೆಯೇರಿದವು, 2006ರಲ್ಲಿ ಅಂಚೆಚೀಟಿಗಳಾದವು, 2007ರಲ್ಲಿ ಕೆಲವು ಹೊಲಿಗೆಗಾರ್ತಿಯರು ತಮಗೆ ನ್ಯಾಯವಾದ ಪಾಲು ಬರಲಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಆದರೆ ಈ ಕಥೆಯನ್ನು ಉದಾಹರಿಸುವವರು ಅದರ ಹಿಂದಿನ ಅಧ್ಯಾಯವನ್ನು ಮರೆಯುತ್ತಾರೆ. ಅದೇ ಸೀಮೆಯಲ್ಲಿ 1966ರಲ್ಲಿ ಕಪ್ಪು ಹೆಂಗಸರೇ ಕೂಡಿ 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರ ಸಂಘ ಕಟ್ಟಿದ್ದರು. 1972ರಲ್ಲಿ ಅದಕ್ಕೆ ದೊಡ್ಡ ವ್ಯಾಪಾರ ಸಂಸ್ಥೆಯೊಂದರಿಂದ ಕಾರ್ಡುರಾಯ್ ಬಟ್ಟೆಯ ದಿಂಬುಚೀಲ ಹೊಲಿಯುವ ಗುತ್ತಿಗೆ ಸಿಕ್ಕಿತು. ಉಳಿದ ತುಂಡುಗಳು ಹೆಂಗಸರ ಮನೆ ಸೇರಿದವು. ಆ ದಶಕದ ಜೀಸ್ ಬೆಂಡಿನ ಸೊಗಸಾದ ಕೌದಿಗಳಲ್ಲಿ ಹಲವು ಆ ಕಾರ್ಡುರಾಯ್ ತುಂಡುಗಳಿಂದಲೇ ಹುಟ್ಟಿದವು. ಕಲೆಗೆ ಮೇವು ಸಿಕ್ಕಿದ್ದು ಸರಕಿನ ಹಾದಿ ತೆರೆದದ್ದರಿಂದ. ಮೋಸ ನಡೆಯಿತೆಂಬ ದೂರು ಬಂದದ್ದು ಹೊಲಿದ ಕೌದಿಗಳು ಊರು ಬಿಟ್ಟು ಹೋದ ಮೇಲೆ. ಹೊಲಿಗೆ ಕಲಿತವರಿಂದ ಯಾವ ಹೊಲಿಗೆಗಾರ್ತಿಯೂ ಬಡವಾಗಲಿಲ್ಲ.

ಎರಡನೆಯ ಆಕ್ಷೇಪ ಚಳವಳಿಯ ಒಳಗಿನದು. ಮಾರುಕಟ್ಟೆ ಎಂದರೆ ಕೊಳ್ಳುಬಾಕತನ, ಆದ್ದರಿಂದ ಅದರ ಸಹವಾಸವೇ ಬೇಡ ಎನ್ನುವವರಿದ್ದಾರೆ. ಹಾಗೆ ಹೇಳುವವರು ಅಡಿಕೆಯನ್ನು ಎಲ್ಲಿ ಮಾರುತ್ತಾರೆಂದು ಕೇಳುವುದು ಒರಟಾದೀತು. ಮಾರುಕಟ್ಟೆಗಳಲ್ಲಿಯೂ ಭೇದವಿದೆ. ಅರ್ಧ ಮೀಟರನ್ನೂ ಅಳೆದು ಕೊಡುವ, ತುಂಡನ್ನು ಎಸೆಯದೆ ಕೂಡಿಡುವ ಬೀದಿ ಬೇರೆ. ಹೊಸ ಬಟ್ಟೆಯನ್ನೇ ಚೌಕವಾಗಿ ಕತ್ತರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ 'ಕೌದಿ ಕಿಟ್' ಎಂದು ಮಾರುವ ಮಳಿಗೆ ಬೇರೆ. ಹಳೆಯದನ್ನು ಉಳಿಸಲು ಹುಟ್ಟಿದ ವಿದ್ಯೆಗೆ ಹೊಸ ಬಟ್ಟೆಯನ್ನು ಹರಿಯುವುದು ಊಟಕ್ಕಾಗಿ ಹಸಿವನ್ನು ಕೊಂಡಂತೆ. ಮೊದಲನೆಯ ಬಗೆಯ ಬೀದಿಗಳು ತಾವಾಗಿಯೇ ಉಳಿಯುತ್ತವೆಂದು ಭಾವಿಸುವಂತಿಲ್ಲ. 2012ರ ಫೆಬ್ರವರಿಯಲ್ಲಿ ರಸೆಲ್ ಮಾರುಕಟ್ಟೆಗೆ ಬೆಂಕಿ ಬಿದ್ದು ಅನೇಕ ಅಂಗಡಿಗಳು ಸುಟ್ಟುಹೋದವು. ಆ ಮೇಲೆ ನವೀಕರಣದ ಮಾತು, ಭೂಗತ ಮೆಟ್ರೋ ಕಾಮಗಾರಿಯ ಅಗೆತ, ಸ್ಮಾರ್ಟ್ ಸಿಟಿಯ ನೆಲಹಾಸು ಒಂದರ ಹಿಂದೊಂದು ಬಂದವು. ಇವುಗಳಲ್ಲಿ ಬೇಕಾದವೂ ಇವೆ. ಆದರೆ ದಾರದ ಅಂಗಡಿಯಂಥ ಸಣ್ಣ ಲಾಭದ ವ್ಯಾಪಾರ ರಸ್ತೆ ಅಗೆದ ಒಂದೇ ವರ್ಷವನ್ನೂ ತಾಳಲಾರದೆಂಬುದನ್ನು ಯಾವ ಯೋಜನಾ ವರದಿಯೂ ಎಣಿಸುವುದಿಲ್ಲ. ಪಶ್ಚಿಮ ಘಟ್ಟದ ಸಂಘಟನೆಗಳಿಗೆ ಶಿವಾಜಿನಗರದ ಬೀದಿ ದೂರವೆನಿಸಬಹುದು. ಅಣೆಕಟ್ಟಿನ ಕೆಳಗಿನ ಗದ್ದೆಯವನಿಗೆ ಕಾಡಿನ ತೊರೆಯೂ ದೂರವೆಂದೇ ಅನಿಸುತ್ತದೆ.

ತೆರಿಗೆಯ ನೀತಿಯನ್ನೂ ಗಮನಿಸಬೇಕು. 2025ರ ಸೆಪ್ಟೆಂಬರಿನ ಜಿಎಸ್‌ಟಿ ಪರಿಷ್ಕರಣೆಯಲ್ಲಿ 2,500 ರೂಪಾಯಿಯವರೆಗಿನ ಹತ್ತಿಯ ರಜಾಯಿಗಳಿಗೆ ಶೇಕಡಾ 5, ಅದಕ್ಕೆ ಮೀರಿದವುಗಳಿಗೆ ಶೇಕಡಾ 18 ಎಂದು ಗೊತ್ತುಪಡಿಸಲಾಯಿತು. ಕಾರ್ಖಾನೆಯ ಅಗ್ಗದ ಸರಕು ಕೆಳಗಿನ ಮೆಟ್ಟಿಲಲ್ಲಿ ಸುಖವಾಗಿ ಉಳಿಯುತ್ತದೆ. ವಾರಗಟ್ಟಲೆ ಕೈಯಿಂದ ಹೊಲಿದ ಕೌದಿಗೆ ನ್ಯಾಯವಾದ ಕೂಲಿ ಸೇರಿಸಿದರೆ ಅದು ಮೇಲಿನ ಮೆಟ್ಟಿಲಿಗೇರುತ್ತದೆ. ಹೊಲಿದ ಹೆಂಗಸಿಗೆ ನೇರವಾಗಿ ತೆರಿಗೆ ತಗಲದಿರಬಹುದು. ಅವಳ ಕೌದಿಯನ್ನು ಕೊಂಡು ಮಾರುವ ನೋಂದಾಯಿತ ಅಂಗಡಿಯವನು ಬೆಲೆಯನ್ನು 2,500ರ ಒಳಗೆ ಇಳಿಸಲು ನೋಡುತ್ತಾನೆ, ಇಳಿಯುವುದು ಅವಳ ಕೂಲಿಯೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಹುಟ್ಟಿದ್ದು ಇಂಥದ್ದನ್ನು ನೋಡಿಯೇ ಇರಬೇಕು.

ಹಾಗಾದರೆ ಮಲೆನಾಡಿನ ಸಂಘಟನೆಗಳು ಮಾಡಬೇಕಾದದ್ದು ಏನು? ಇನ್ನೊಂದು ಕೌದಿ ಪ್ರದರ್ಶನವನ್ನಂತೂ ಅಲ್ಲ. ಯಲ್ಲಾಪುರದಲ್ಲೋ ಹಳಿಯಾಳದಲ್ಲೋ ಶಿರಸಿಯಲ್ಲೋ ಸಂತೆಯ ಬೀದಿಯಲ್ಲಿ ಹತ್ತಡಿ ಅಗಲದ ಒಂದು ಮಳಿಗೆ ಸಾಕು. ಅಲ್ಲಿ ಗಟ್ಟಿ ಹತ್ತಿಯ ದಾರ, ಬೇರೆ ಬೇರೆ ಉದ್ದದ ಸೂಜಿ, ಬೆರಳಿಗೆ ತೊಡುವ ಅಂಗುಸ್ತಾನ, ಒಳ್ಳೆಯ ಕತ್ತರಿ ಇರಬೇಕು. ನಗರದ ದರ್ಜಿ ಬೀದಿಗಳಿಂದಲೂ ಉಡುಪು ಕಾರ್ಖಾನೆಗಳಿಂದಲೂ ಬಂದ ಹತ್ತಿಯ ತುಂಡುಗಳನ್ನು ಪಾಲಿಯೆಸ್ಟರಿನಿಂದ ಬೇರ್ಪಡಿಸಿ ತೂಕದ ಲೆಕ್ಕದಲ್ಲಿ ಮಾರಬೇಕು. ಬೇರ್ಪಡಿಸುವುದೇ ಕಷ್ಟದ ಕೆಲಸ. ಎಳೆಯೊಂದನ್ನು ಸುಟ್ಟು ನೋಡಿದರೆ ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಂಟಾಗುತ್ತದೆ, ಇದನ್ನು ಶಾಲೆಯ ಮಕ್ಕಳೂ ಹಿರಿಯರ ಎದುರಿನಲ್ಲಿ ಪರೀಕ್ಷಿಸಿ ಕಲಿಯಬಹುದು. ಮಳಿಗೆಯ ಹಿಂದೆ ಒಂದು ಚಾಪೆ ಹಾಸಿರಬೇಕು. ಸಂತೆಯ ದಿನ ಅಲ್ಲಿ ಒಬ್ಬ ಸಿದ್ದಿ ಅಜ್ಜಿಯೋ ಗೊಂಧಳಿ ಹೆಂಗಸೋ ಕುಳಿತು ಬಂದವರಿಗೆ ಹೇಳಿಕೊಡಬೇಕು. ಅವರಿಗೆ ಶಾಲು ಹೊದಿಸುವ ಬದಲು ಆ ದಿನದ ಕೂಲಿಯನ್ನು ಆ ದಿನವೇ ಕೊಡಬೇಕು. ಊರಿನ ಹುಡುಗಿಯರಿಗೆ ಕಲಿಕೆ ಉಚಿತ. ರಜೆಗೆಂದು ಬೆಂಗಳೂರಿನಿಂದ ಬಂದವರಿಗೆ ಶುಲ್ಕ, ಮತ್ತು ತಮ್ಮ ಮನೆಯ ಹಳೆಯ ಹತ್ತಿ ಬಟ್ಟೆಯ ಒಂದು ಗಂಟು.

ಇಂಥ ಮಳಿಗೆ ಮೊದಲ ವರ್ಷ ನಷ್ಟದಲ್ಲಿಯೇ ನಡೆಯುತ್ತದೆ. ಬಾಡಿಗೆಯನ್ನು ಸಂಘ ಹೊರಬೇಕು, ಲೆಕ್ಕದ ಪುಸ್ತಕವನ್ನು ಕಾಲೇಜಿನ ವಿದ್ಯಾರ್ಥಿಯೊಬ್ಬ ಬರೆಯಬೇಕು. ಬೇಸಗೆಯ ಶಿಬಿರವೊಂದಕ್ಕೆ ಬ್ಯಾನರು, ಪೆಂಡಾಲು, ಊಟ, ಅತಿಥಿಗಳ ಪ್ರಯಾಣವೆಂದು ಸಂಘಟನೆಗಳು ತೆರುವ ಹಣವನ್ನು ಒಮ್ಮೆ ಕೂಡಿಸಿ ನೋಡಿ, ಅದನ್ನು ಹತ್ತಡಿ ಮಳಿಗೆಯ ಬಾಡಿಗೆಯ ಪಕ್ಕದಲ್ಲಿ ಬರೆದಿಟ್ಟುಕೊಂಡು, ಈ ವರ್ಷದ ಮಹಾಸಭೆಯಲ್ಲಿ ಚರ್ಚೆಗಿಡಲಿ.